ಕಲಿಕಾ ಫಲ

ಸೋಮವಾರ ನಮ್ಮ ಆರನೇ ತರಗತಿಯಲ್ಲಿ
ಹಾಜರಿ ಕೂಗುವುದೇ ಬೇಡ.
ಮಾರ್ಕೆಟ್ ಯಾರ್ಡಿನ ಕಡೆಯಿಂದ ಗಾಳಿ ತಿರುಗಿತೆಂದರೆ
ಬ್ಯಾಡಗಿಯ ಕೆಂಪು ಧೂಳು ಕಿಟಕಿ ದಾಟಿ ಬಂದು
ಒಬ್ಬೊಬ್ಬರನ್ನೇ ಮೂಗು ಹಿಡಿದು ಎಬ್ಬಿಸುತ್ತದೆ:
ಮಾಲತೇಶ, ಹಾಜರ್.
ಶಿಲ್ಪಾ ಲಮಾಣಿ, ಹಾಜರ್.
ಹಿಂದಿನ ಬೆಂಚಿನ ಗುರುಶಾಂತ, ಎರಡು ಸಲ ಹಾಜರ್.

ಒಂಟಿ ಸೀನು ಕೇಡು, ಜೋಡಿ ಸೀನು ಶುಭ
ಎಂದು ಮನೆಯಲ್ಲೇ ಕಲಿಸಿ ಕಳಿಸಿದ್ದಾರೆ.
ಸಮಸಂಖ್ಯೆ ಬೆಸಸಂಖ್ಯೆಗೆ ನನಗೆ
ಹತ್ತು ನಿಮಿಷವೂ ಹಿಡಿಯಲಿಲ್ಲ.
ಸೀನು ನಾಮಪದವೋ ಕ್ರಿಯಾಪದವೋ ಎಂಬಲ್ಲಿ ಮಾತ್ರ
ತರಗತಿ ಎರಡು ಪಕ್ಷವಾಗಿ
ಗಂಟೆ ಹೊಡೆದರೂ ಬಗೆಹರಿಯಲಿಲ್ಲ.
'ತಾನ ಬಂದ್ರ ನಾಮಪದ್ರೀ, ನಾವ ಮಾಡಿದ್ರ ಕ್ರಿಯಾಪದ'
ಅಂದ ಗುರುಶಾಂತ, ತೋಳಿಗೆ ಮೂಗೊರೆಸುತ್ತ.

ವಿಜ್ಞಾನ. ಹೂವು ಉದುರಿ, ಅಂಡಾಶಯ ಬೆಳೆದು, ಫಲ.
ಬೋರ್ಡಿನ ಮೇಲೆ ನಾನು ಬರೆದದ್ದು ಬದನೆಯಂತಿತ್ತು.
'ಅಕ್ಕೋರ, ನಮ್ಮ ಆಯಿ ರಂಜಕಕ್ಕ ತರೂದು
ಹಣ್ಣ ಮೆಣಸಿನಕಾಯಿ.
ಹಣ್ಣ ಆಗಿದ್ರ ಮತ್ತ ಕಾಯಿ ಯಾಕ್ರೀ?
ಒಣಗಿ ಪುಡಿ ಆಗೂ ತನಕಾ ಕಾಯಿನ ಅಂತಾರು, ಪಾಪ.'
ಮಾಲತೇಶನ ಆ ಪಾಪಕ್ಕೆ
ನನ್ನ ಕೈಯಲ್ಲಿದ್ದದ್ದು ಒಂದು ತುಂಡು ಸೀಮೆಸುಣ್ಣ.

ಇಂಗ್ಲಿಷಿನಲ್ಲಿ ಚಿಲ್ಲಿ ಅಂದರೆ ಖಾರ, ಚಿಲ್ಲಿ ಅಂದರೆ ಚಳಿ.
ಕಾಗುಣಿತ ಬೇರೆ ಎಂದೆ. ಶಿಲ್ಪಾ ಒಪ್ಪಲಿಲ್ಲ:
ಎರಡಕ್ಕೂ ನಾವು ಅನ್ನೂದು ಒಂದ ಅಲ್ರೀ, ಸ್ಸ್ ಹಾ.

ಗೋಡೆಯ ನಕಾಶೆ ನಮ್ಮ ಜಿಲ್ಲೆಗಿಂತ ಹಳೆಯದು;
ಹಾವೇರಿ ಇನ್ನೂ ಧಾರವಾಡದ ಹೊಟ್ಟೆಯೊಳಗಿದೆ.
ಯಾವ ವರ್ಷದ ಹುಡುಗರೋ ಬಾಲ್‌ಪೆನ್ನಿನಲ್ಲಿ ಗಡಿ ಕೊರೆದು
ನಮ್ಮೂರಿಗೊಂದು ಚುಕ್ಕೆ ಇಟ್ಟರು.
'ನಾವು ಇಲ್ಲೆ ಅದೀವಿ, ಇಲ್ಲೆ ಅದೀವಿ' ಎಂದು
ಬೆರಳು ಊರಿ ಊರಿ ಆ ಚುಕ್ಕೆ ಸವೆದು
ಈಗ ಅಲ್ಲೊಂದು ತೂತು.
ತೂತಿನಲ್ಲಿ ಶಾಲೆಯ ಗೋಡೆ ಕಾಣುತ್ತದೆ.

ಇನ್ನು ಗಣಿತ. ಲೆಕ್ಕ ನನ್ನದೇ,
ಊರಿಗೆ ಒಗ್ಗಲೆಂದು ಕಟ್ಟಿದ್ದು:
ಒಬ್ಬಾಕೆ ಇಪ್ಪತ್ತು ಕಿಲೋ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಾಳೆ,
ಕಿಲೋಗೆ ಹತ್ತು ರೂಪಾಯಿ, ಕೂಲಿ ಎಷ್ಟು?
ಮೂವತ್ತು ನೋಟುಬುಕ್ಕು ಇನ್ನೂರು ಅಂದವು.
ಸಾನಿಯಾ ನದಾಫ ಬರೆದದ್ದು ನೂರಾ ಎಂಬತ್ತು.
ಕೆಂಪು ಪೆನ್ನಿನಲ್ಲಿ ತಪ್ಪು ಹಾಕಿ
'ಮಗ್ಗಿ ಮರತಿಯೇನ?' ಎಂದೆ.

ಅವಳು ಎದ್ದು ನಿಂತಳು.
ಭಾನುವಾರದ ಉರಿ ಉಗುರ ಸಂದಿಯಲ್ಲಿ ಇನ್ನೂ ಇತ್ತೇನೋ,
ಹೆಬ್ಬೆರಳನ್ನು ಲಂಗಕ್ಕೆ ಒತ್ತಿ ಹಿಡಿದಿದ್ದಳು.
'ತೂಗೂದು ತೊಟ್ಟು ಮುರದ ಮ್ಯಾಲ್ರೀ ಅಕ್ಕೋರ.
ಇಪ್ಪತ್ತು ಕೊಟ್ರ ಹದಿನೆಂಟ ಉಳೀತೈತಿ.
ಅಮ್ಮಿ ಹೋಗೂದ ತೊಟ್ಟು ಮುರಿಯಾಕ.
ಮತ್ತ ಆ ತೊಟ್ಟಿನ ತೂಕ ಯಾರ ಲೆಕ್ಕಕ್ಕ?'

ಆಗ ಯಾರೂ ಸೀನಲಿಲ್ಲ.
ಪುಸ್ತಕದ ಕೊನೆಯ ಉತ್ತರಗಳ ಪುಟವನ್ನು
ಮನಸ್ಸಿನಲ್ಲೇ ಮಗುಚಿ ನೋಡಿದೆ.
ಕೆಂಪು ಗೆರೆ ಅಳಿಸುವ ರಬ್ಬರು ನನ್ನಲ್ಲಿಲ್ಲ;
ಅದರ ಮಗ್ಗುಲಿಗೆ ಸರಿ ಎಂದು ಬರೆದು
ಕೆಳಗೆ ಇನ್ನೊಂದು ಸಾಲು:
ತೊಟ್ಟಿನ ಲೆಕ್ಕ ಬಾಕಿ.
ಸಹಿ ಹಾಕಿದೆ, ತಾರೀಖು ಸಮೇತ.

ಶುಕ್ರವಾರ ಸಾಹೇಬರು ಬರುತ್ತಾರೆ
ಪಾಠ ಟಿಪ್ಪಣಿ ನೋಡಲು.
ನಾಲ್ಕನೇ ಕಾಲಮ್ಮಿನ ತಲೆಬರಹ: ಕಲಿಕಾ ಫಲ.
'ಮಕ್ಕಳು ಎರಡಂಕಿ ಗುಣಾಕಾರ ಮಾಡಬಲ್ಲರು'
ಎಂದು ಬರೆದೆ. ಮುಂದಕ್ಕೆ ಪೆನ್ನು ಓಡಲಿಲ್ಲ.
ಫಲ ಎನ್ನಲು ಇನ್ನೂ ಹೊತ್ತಿದೆ,
ಸದ್ಯಕ್ಕೆ ಕಾಯಿ ಎಂದರೆ ಸಾಹೇಬರು ಒಪ್ಪುವರೋ ಇಲ್ಲವೋ.

ಅಷ್ಟರಲ್ಲಿ ನನಗೊಂದು ಸೀನು.
ಮೂವತ್ತೊಂದು ಮುಖ ಪುಸ್ತಕದಿಂದ ಮೇಲೆದ್ದು,
ಉಸಿರು ಬಿಗಿಹಿಡಿದು,
ಎರಡನೆಯದಕ್ಕೆ ಕಾಯುತ್ತಿವೆ.